ಸೂರು ಹಾಕುವುದೂ ಕಸುಬೇ

ನಮ್ಮ ಚಳ್ಳಕೆರೆ ಕಡೆ ಹುಡುಗ ಸೂರಿಗೆ ಶೀಟ್ ಹಾಕುವ ಕೆಲಸ ಮಾಡುತ್ತಾನೆ ಎಂದರೆ ಹೆಣ್ಣು ಕೊಡುವವರು ಹಿಂದೆ ಮುಂದೆ ನೋಡುತ್ತಾರೆ. ಅದೇ ಹುಡುಗ ಬೆಂಗಳೂರಿಗೆ ಹೋಗಿ ಸೆಕ್ಯುರಿಟಿ ಕೆಲಸಕ್ಕೆ ನಿಂತರೆ ಮಾತುಕತೆ ಮುಂದುವರಿಯುತ್ತದೆ. ಅಪ್ಪನ ಕಾಲದಿಂದ ಊರವರ ಮನೆ ಮೇಲೆ ದುಡಿದು ಬದುಕಿದವನು ನಾನು. ವಿದ್ಯೆ ಬೇಡುವ ಕೆಲಸವೊಂದನ್ನು ಬರೀ ಕೂಲಿಯ ಲೆಕ್ಕಕ್ಕೆ ಇಳಿಸಿ, ಕಲಿಯುವ ಹುಡುಗರನ್ನು ನಾವೇ ಓಡಿಸುತ್ತಿದ್ದೇವೆ ಅನ್ನುವುದು ನನ್ನ ಸಂಕಟ.

ಅಪ್ಪ ಮಾಳಿಗೆ ಹಾಕುತ್ತಿದ್ದ. ಕರಾವಳಿ, ಮಲೆನಾಡಿನಲ್ಲಿ ಮಳೆ ಜಾರಿ ಹೋಗಬೇಕು, ಅದಕ್ಕೆ ಇಳಿಜಾರು ಸೂರು, ಹೆಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆಗೆದದ್ದೂ ಆ ಕರಾವಳಿಯ ಮಂಗಳೂರಿನಲ್ಲೇ. ಚಳ್ಳಕೆರೆ, ಮೊಳಕಾಲ್ಮುರು ಮಳೆಗೆ ಕಾಯುವ ಸೀಮೆ. ಇಲ್ಲಿಗೆ ಬೇಕಾದದ್ದು ಬಿಸಿಲು ತಡೆಯುವ, ಮೇಲೆ ಶೇಂಗಾ ಹರವಬಹುದಾದ, ಬೇಸಿಗೆ ರಾತ್ರಿ ಮಲಗಬಹುದಾದ ಮಟ್ಟಸ ಮಾಳಿಗೆ. ಕಂಬ, ಬೋದಿಗೆ, ತೊಲೆ, ಜಂತೆ ಕೂರಿಸಿ ಮೇಲೆ ಕಟ್ಟಿಗೆ ಚಕ್ಕೆ ಹಾಸಿ, ಬಂದ್ರೆ ಸೊಪ್ಪು ಹೊದಿಸಿ, ತುಳಿದು ಹದ ಮಾಡಿದ ಕೆಸರು ಮೆತ್ತಿ, ಕೊನೆಗೆ ಚೌಳು ಮಣ್ಣು ಹಾಕುತ್ತಿದ್ದರು.

ಆ ಚೌಳು ಮಣ್ಣಿನಲ್ಲೇ ಇರುವುದು ವಿದ್ಯೆ. ಅದರಲ್ಲಿ ಸೋಡಿಯಂ ಹೆಚ್ಚು, ಹಾಗಾಗಿ ಹೊಲದಲ್ಲಿದ್ದರೆ ಬೆಳೆ ಏಳುವುದಿಲ್ಲ. ಮಾಳಿಗೆ ಮೇಲೆ ಹಾಕಿದರೆ ಹುಲ್ಲೂ ಏಳುವುದಿಲ್ಲ, ಬೇರು ಇಳಿದು ತೂತು ಬೀಳುವುದಿಲ್ಲ. ಮೊದಲ ಹನಿಗೆ ನೆನೆದದ್ದೇ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗೊಂದೆಲ್ಲ ಮುಚ್ಚಿ, ಕೆಳಗೆ ನೀರು ಇಳಿಯದಂತೆ ಮಾಡುತ್ತವೆ. ಅಪ್ಪನಿಗೆ ಸೋಡಿಯಂ ಅನ್ನುವುದು ಗೊತ್ತಿರಲಿಲ್ಲ. ಹಳ್ಳದ ದಂಡೆಯಲ್ಲಿ ಕೂತು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ, ಉಗಿದು, ಈ ಕಡೆಯದು ಬೇಡ ಆ ಕಡೆಯದು ಅಗೆಯಿರಿ ಎನ್ನುತ್ತಿದ್ದ. ಹರವಿ, ನೀರು ಚಿಮುಕಿಸಿ, ಕೊಡತಿಯಲ್ಲಿ ಬಡಿದ ಮೇಲೆ ಒಂದು ಚೊಂಬು ನೀರು ಸುರಿದು ನಿಲ್ಲುತ್ತಿದ್ದ. ಕಣ್ಣಿಗೆ ಮಟ್ಟಸವಾಗಿ ಕಾಣುವ ಮಾಳಿಗೆಯ ಮೇಲೆ ಆ ನೀರು ತಾನಾಗಿಯೇ ಅಂಚಿನಲ್ಲಿ ನೀರು ಹೊರಬೀಳುವ ದೋಣಿಯ ಕಡೆ ಹರಿದರೆ ಕೆಲಸ ಮುಗಿಯಿತು, ಇಲ್ಲದಿದ್ದರೆ ಮತ್ತೆ ಬಡಿಯಬೇಕು. ಯುಗಾದಿ ಕಳೆದು ಮುಂಗಾರು ಹಿಡಿಯುವುದರೊಳಗೆ ಮನೆಮನೆಯವರೂ ಅವನನ್ನು ಹುಡುಕಿಕೊಂಡು ಬರುತ್ತಿದ್ದರು.

ನನ್ನ ಕಾಲಕ್ಕೆ ಶೀಟ್ ಬಂತು. ಇದೂ ಸುಲಭದ ಕೆಲಸವಲ್ಲ. ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ, ಆದ್ದರಿಂದ ಮೂಡಣ ತುದಿಯಿಂದ ಹಾಕುತ್ತ ಪಡುವಣಕ್ಕೆ ಬರಬೇಕು. ಆಗ ಒಂದರ ಮೇಲೊಂದು ಕೂತ ಅಂಚಿನ ಅಡಿಗೆ ಗಾಳಿ ನುಗ್ಗುವುದಿಲ್ಲ. ಇದನ್ನು ತಿರುವುಮುರುವು ಮಾಡಿದ ಸೂರು ಮೊದಲ ಬಿರುಗಾಳಿಗೇ ಎದ್ದು ಹೋಗುತ್ತದೆ. ಸಿಮೆಂಟ್ ಶೀಟಿನ ಮೇಲೆ ಬೋಲ್ಟ್ ಸಾಲು ಬಿಟ್ಟು ನಡುವೆ ಕಾಲಿಡಬಾರದು. ಕೆಳಗೆ ಪಟ್ಟಿ ಇಲ್ಲದ ಜಾಗ ಮುರಿದರೆ ಮನುಷ್ಯ ನೇರ ನೆಲಕ್ಕೆ. ಹಾಗೆ ಬಿದ್ದು ಸೊಂಟ ಮುರಿದುಕೊಂಡ ಗೆಳೆಯನೊಬ್ಬ ಈಗ ಬೀಡಿ ಅಂಗಡಿ ಮುಂದೆ ಕೂತಿರುತ್ತಾನೆ. ಅವನು ಹತ್ತಿದ ಮನೆಯವರು ಒಂದು ಹಗ್ಗ ಕೊಟ್ಟಿರಲಿಲ್ಲ, ಕೇಳುವ ಪದ್ಧತಿಯೂ ನಮ್ಮಲ್ಲಿರಲಿಲ್ಲ. ಶೀಟ್ ಕೊಯ್ಯುವಾಗ ಏಳುವ ದೂಳಿನಲ್ಲಿ ಕಲ್ನಾರು ಇರುತ್ತದೆ. ಅರವತ್ತಕ್ಕೂ ಹೆಚ್ಚು ದೇಶಗಳು ನಿಷೇಧಿಸಿರುವ, ಕ್ಯಾನ್ಸರ್ ತರುವ ವಸ್ತು ಅದು. ನಮ್ಮ ಹುಡುಗರು ಬಾಯಿಗೆ ಟವೆಲ್ಲೂ ಕಟ್ಟದೆ ಕಟರ್ ಹಿಡಿಯುತ್ತಾರೆ. ನಮ್ಮ ಕಡೆಯ ಪುರ್ಲಹಳ್ಳಿಯ ಕ್ಯಾತಪ್ಪ ದೇವರ ಜಾತ್ರೆಯಲ್ಲಿ ಮುಳ್ಳಿನಿಂದ ಕಟ್ಟಿದ ಗುಡಿ ಹತ್ತಿ ಕಳಶ ಇಳಿಸುವವರನ್ನು ಊರೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆ. ದಿನಾ ಸೂರು ಹತ್ತುವವರ ಕಡೆಗೂ ಆ ಕಾಳಜಿ ಹರಿಯಲಿ.

ಸರ್ಕಾರದ ಪಟ್ಟಿಗಳನ್ನು ನೋಡಿ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಗಾರೆ ಮಿಸ್ತ್ರಿ ಇದ್ದಾನೆ, ಬಡಗಿ ಇದ್ದಾನೆ, ಬುಟ್ಟಿ ಹೆಣೆಯುವವರಿದ್ದಾರೆ, ಸೂರು ಹಾಕುವವನಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಪಡೆಯಲು ಹಿಂದಿನ ಒಂದು ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ದಾಖಲೆ ಬೇಕು. ನಾವು ಇವತ್ತು ಒಬ್ಬರ ಕೊಟ್ಟಿಗೆ, ನಾಳೆ ಇನ್ನೊಬ್ಬರ ಅಡುಗೆಮನೆ ಅಂತ ತಿರುಗುವವರು. ಎರಡು ದಿನದ ಕೆಲಸಕ್ಕೆ ಸಹಿ ಹಾಕಿ ಎಂದು ಎಷ್ಟು ಜನರ ಮನೆ ಬಾಗಿಲಿಗೆ ಹೋಗುವುದು? ಇನ್ನು ಮಣ್ಣಿನ ಮಾಳಿಗೆಯನ್ನು ಸರ್ಕಾರ ಕಚ್ಚಾ ಮನೆ ಎಂದೇ ಎಣಿಸುತ್ತದೆ. ಮನೆ ಮಂಜೂರಾದ ಬಡವ ತಂಪಾದ ಮಾಳಿಗೆ ಕೆಡವಿ, ಏಪ್ರಿಲ್‌ನಲ್ಲಿ ಒಳಗೆ ಕೂರಲಾಗದ ಕಾಂಕ್ರೀಟ್ ಮೋಲ್ಡ್ ಹಾಕಿಸುತ್ತಾನೆ. ಸೋರದ ಮನೆ ಕೇಳುವುದು ಅವನ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚೆನ್ನಾಗಿ ಹಾಕಿದ, ವರ್ಷಕ್ಕೊಮ್ಮೆ ಮಣ್ಣು ಕಂಡ ಮಾಳಿಗೆಯನ್ನು ಉಳಿಸಿಕೊಳ್ಳುತ್ತೇನೆ ಎಂದವನಿಗೂ ರಿಪೇರಿಗೆ ಹಣ ಸಿಗಬೇಕು.

ದೊಡ್ಡ ಯೋಜನೆಯನ್ನೇನೂ ನಾನು ಕೇಳುತ್ತಿಲ್ಲ. ಬಿಡಿಬಿಡಿಯಾಗಿ ದುಡಿದ ದಿನಗಳಿಗೆ ಗ್ರಾಮ ಪಂಚಾಯಿತಿಯೇ ಒಂದು ಪುಸ್ತಕ ಇಟ್ಟು ದೃಢೀಕರಿಸಲಿ. ಐಟಿಐ ಇರುವ ಕಡೆ ಬೇಸಿಗೆಯಲ್ಲಿ ಒಂದು ತಿಂಗಳು ಸೂರಿನ ಕೆಲಸ ಕಲಿಸಲಿ. ಶೀಟ್ ಕೂರಿಸುವುದು, ಹಗ್ಗ ಬೆಲ್ಟು ಕಟ್ಟುವುದು, ದೂಳಿನಿಂದ ತಪ್ಪಿಸಿಕೊಳ್ಳುವುದು, ಅದರ ಜೊತೆಗೆ ಮಾಳಿಗೆ. ಚೌಳು ಮಣ್ಣಿನ ರುಚಿ ಗೊತ್ತಿರುವ ಮುದುಕರು ನಮ್ಮ ಹಟ್ಟಿಗಳಲ್ಲಿ ಇನ್ನೂ ಇದ್ದಾರೆ. ಕೈಕಾಲು ಆಡುವಾಗಲೇ ಅವರನ್ನು ಕರೆದು, ಮೇಷ್ಟ್ರಿಗೆ ಕೊಡುವ ಸಂಬಳವನ್ನೇ ಕೊಟ್ಟು, ಹುಡುಗರ ಜೊತೆ ಮಾಳಿಗೆ ಹತ್ತಿಸಬೇಕು. ಬರುವ ಯುಗಾದಿಗೇ ಇದನ್ನು ಶುರು ಮಾಡಬಹುದು.