ಕುತ್ತಿಗೆಯ ನಳಿಕೆ: ನೋಡಿ ಚುಚ್ಚಿದರೆ ಕ್ಷೇಮ

“ಕೈಯಲ್ಲಿ ನರ ಇರುವಾಗ ಕುತ್ತಿಗೆಗೇ ಯಾಕೆ ಚುಚ್ಚಬೇಕು ಡಾಕ್ಟ್ರೇ?” ತುರ್ತಾಗಿ ಡಯಾಲಿಸಿಸ್ ಬೇಕಾದಾಗ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಡಯಾಲಿಸಿಸ್ ಯಂತ್ರಕ್ಕೆ ನಿಮಿಷಕ್ಕೆ 200ರಿಂದ 300 ಮಿಲಿಲೀಟರ್ ರಕ್ತ ಹರಿದು ಬರಬೇಕು. ಕೈಯ ಸಣ್ಣ ನಾಳಗಳಿಂದ ಅಷ್ಟು ಬಾರದು. ಕುತ್ತಿಗೆಯ ಬಲಬದಿಯ ದೊಡ್ಡ ಅಭಿಧಮನಿ ಹೆಚ್ಚುಕಡಿಮೆ ನೇರವಾಗಿ ಹೃದಯದತ್ತ ಇಳಿಯುವುದರಿಂದ ವೈದ್ಯರು ಅದನ್ನು ಆರಿಸಿಕೊಳ್ಳುತ್ತಾರೆ.

ಸೂಜಿ ಚುಚ್ಚಿ, ಅದರೊಳಗೆ ತೆಳು ತಂತಿ ಇಳಿಸಿ, ತಂತಿಯ ಮೇಲೆ ನಳಿಕೆಯನ್ನು ಜಾರಿಸಿ, ತಂತಿಯನ್ನು ಹೊರತೆಗೆಯುವ ವಿಧಾನವನ್ನು ಸ್ವೀಡನ್ನಿನ ವೈದ್ಯ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದರು. ಇಂದಿಗೂ ಅದೇ ಕ್ರಮ. ಅಪಾಯ ಇರುವುದು ನೆರೆಹೊರೆಯಲ್ಲಿ. ಅಭಿಧಮನಿಯ ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ಅಪಧಮನಿಯಿದೆ. ತುಸು ಕೆಳಗೆ ಶ್ವಾಸಕೋಶದ ತುದಿಯಿದೆ. ಹಿಂದೆ ವೈದ್ಯರು ಸ್ನಾಯುಗಳ ಗುರುತು ಹಿಡಿದು ಅಂದಾಜಿನಲ್ಲಿ ಚುಚ್ಚುತ್ತಿದ್ದರು. ಈಗ ಅಲ್ಟ್ರಾಸೌಂಡ್ ಪರದೆಯಲ್ಲಿ ನಾಳವನ್ನೂ ಸೂಜಿಯನ್ನೂ ನೋಡುತ್ತಲೇ ಚುಚ್ಚಬಹುದು. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ 2002ರಲ್ಲೇ ಇದನ್ನು ಶಿಫಾರಸು ಮಾಡಿತು.

“ಇದೆಲ್ಲ ದೊಡ್ಡ ಊರಿನ ಆಸ್ಪತ್ರೆಗಳ ಮಾತು” ಎನ್ನುವವರಿದ್ದಾರೆ. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್. ತೀರ್ಥಹಳ್ಳಿಯವರು ಮಣಿಪಾಲಕ್ಕೆ ಹೋಗಲು ಆಗುಂಬೆ ಘಾಟಿ ಇಳಿಯಬೇಕು. ಹೊಸನಗರದವರು ಕರಾವಳಿಗೆ ಹೋಗಲು ಹುಲಿಕಲ್ ಘಾಟಿ ಇಳಿಯಬೇಕು. ಅಪಧಮನಿಗೆ ಏಟು ಬಿದ್ದ ರೋಗಿಯನ್ನು ಮಳೆಗಾಲದ ರಾತ್ರಿ ಈ ದಾರಿಯಲ್ಲಿ ಸಾಗಿಸುವುದೆಂದರೇನೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ದೊಡ್ಡ ಆಸ್ಪತ್ರೆ ದೂರವಾದಷ್ಟೂ ಮೊದಲ ಚುಚ್ಚು ಸರಿಯಾಗಿ ಬೀಳಬೇಕು. ನಳಿಕೆ ಹಾಕುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಒಂದು ಸಣ್ಣ ಅಲ್ಟ್ರಾಸೌಂಡ್ ಯಂತ್ರ, ಅದನ್ನು ಬಳಸಲು ತರಬೇತಿ ಪಡೆದ ಕೈ, ಎರಡೂ ಇರಲೇಬೇಕು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಂತೆ ಇಂಥ ಯಂತ್ರಗಳ ನೋಂದಣಿ ಕಡ್ಡಾಯ. ಆ ಬಿಗಿ ಬೇಕಾದದ್ದೇ. ಆದರೆ ಕಾಗದಪತ್ರಕ್ಕೆ ಅಂಜಿ ಕುತ್ತಿಗೆಯನ್ನು ಕುರುಡಾಗಿ ಚುಚ್ಚುವುದು ತರವಲ್ಲ.

ಯಂತ್ರವಿದ್ದ ಮಾತ್ರಕ್ಕೆ ಎಲ್ಲವೂ ಆಗದು. ಅಮೆರಿಕದ ಮಿಷಿಗನ್ ರಾಜ್ಯದ ತೀವ್ರನಿಗಾ ಘಟಕಗಳಲ್ಲಿ ಐದು ಅಭ್ಯಾಸಗಳನ್ನು ತಪ್ಪದೆ ಪಾಲಿಸಿದರು: ಕೈ ತೊಳೆಯುವುದು, ರೋಗಿಗೆ ಪೂರ್ತಿ ಶುದ್ಧ ಹೊದಿಕೆ ಹಾಕಿ ವೈದ್ಯರು ಗೌನು, ಗ್ಲೌಸು ತೊಡುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಒರೆಸುವುದು, ಆದಷ್ಟು ತೊಡೆಸಂದಿಯ ನಾಳವನ್ನು ಬಿಡುವುದು, ಬೇಡವಾದ ನಳಿಕೆಯನ್ನು ಬೇಗ ತೆಗೆಯುವುದು. ನಳಿಕೆಯಿಂದ ರಕ್ತಕ್ಕೆ ಏರುವ ನಂಜು ಶೇ. 66ರವರೆಗೆ ಇಳಿಯಿತೆಂದು 2006ರಲ್ಲಿ ವರದಿಯಾಯಿತು. ಇವುಗಳಲ್ಲಿ ಯಾವುದೂ ದುಬಾರಿಯಲ್ಲ.

ಮನೆಯವರ ಪಾಲೂ ಇದೆ. ಪಟ್ಟಿ ಒದ್ದೆಯಾಗಬಾರದು, ನಮ್ಮ ಜಡಿಮಳೆಯಲ್ಲಿ ಇದು ಹೆಚ್ಚು ನೆನಪಿರಲಿ. ನಳಿಕೆಯ ಮುಚ್ಚಳವನ್ನು ಡಯಾಲಿಸಿಸ್ ಸಿಬ್ಬಂದಿಯ ಹೊರತು ಯಾರೂ ಬಿಚ್ಚಕೂಡದು. ಚಳಿಜ್ವರ ಬಂದರೆ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಬನ್ನಿ. ಡಯಾಲಿಸಿಸ್ ಮುಂದುವರಿಯುವುದಾದರೆ ಕೈಯಲ್ಲಿ ಫಿಸ್ಟುಲಾ ಮಾಡಿಸುವ ಬಗ್ಗೆ ಬೇಗ ಕೇಳಿ. ಅದು ಬಲಿಯಲು ವಾರಗಳೇ ಬೇಕು. ಆದರೆ ಕುತ್ತಿಗೆಯ ನಳಿಕೆಗಿಂತ ಎಷ್ಟೋ ಕ್ಷೇಮ.

ನಳಿಕೆ ಹಾಕುವ ಮುನ್ನ “ಸ್ಕ್ಯಾನ್ ನೋಡಿಕೊಂಡು ಹಾಕುತ್ತೀರಾ? ಯಾವಾಗ ತೆಗೆಯುತ್ತೀರಿ?” ಎಂದು ವಿನಯದಿಂದ ಕೇಳಿ. ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ.