ರೋಗಕ್ಕೆ ಕೇರಿ ಗೊತ್ತಿಲ್ಲ, ಸರ್ಕಾರಕ್ಕೆ ಗೊತ್ತು

ರೋಗ ಬಂದಾಗ ಚಾಟಿ ಹಿಡಿದ ಸರ್ಕಾರವೇ ವಾಸಿ ಅನ್ನುವವರು ನಮ್ಮಲ್ಲೂ ಇದ್ದಾರೆ. ಓಟು, ಪಾರ್ಲಿಮೆಂಟು, ಪೇಪರು ಎಲ್ಲಾ ಬರೀ ಗಲಾಟೆ, ಒಬ್ಬ ಗಟ್ಟಿ ದೊರೆ ಸಾಕು ಅಂತಾರೆ. ನಾವು ಕೇಳುತ್ತೇವೆ: ಆ ಚಾಟಿ ಬಿದ್ದದ್ದು ಯಾರ ಬೆನ್ನ ಮೇಲೆ?

1897. ಪುಣೆಯಲ್ಲಿ ಪ್ಲೇಗು. ಬಿಳಿಯರ ಸರ್ಕಾರ ಸೋಲ್ಜರುಗಳನ್ನು ಮನೆಮನೆಗೆ ನುಗ್ಗಿಸಿತು. ಜನ ಹೆದರಿ ರೋಗಿಗಳನ್ನು ಬಚ್ಚಿಟ್ಟರು. ಅದೇ ವರ್ಷ, ಅದೇ ಊರಿನ ಹೊರಗೆ, ಸಾವಿತ್ರಿಬಾಯಿ ಫುಲೆ ಮಗ ಡಾಕ್ಟರ್ ಯಶವಂತನ ಜೊತೆ ರೋಗಿಗಳ ಆರೈಕೆಗೆ ನಿಂತರು. ಪ್ಲೇಗು ತಗುಲಿ ಮಾರ್ಚ್ 10ರಂದು ಸತ್ತರು. ಸರ್ಕಾರ ಹಿಡಿದದ್ದು ಬಂದೂಕು, ಆ ತಾಯಿ ಹಿಡಿದದ್ದು ರೋಗಿಯ ಕೈ.

ಆ ವರ್ಷ ಹುಟ್ಟಿದ ಸಾಂಕ್ರಾಮಿಕ ರೋಗಗಳ ಕಾಯ್ದೆ ಅಧಿಕಾರಿಗೆ ಅಧಿಕಾರ ಕೊಟ್ಟಿತು, ಅವನ ಮೇಲೆ ದಾವೆ ಹೂಡದಂತೆ ರಕ್ಷಣೆಯನ್ನೂ ಕೊಟ್ಟಿತು. ರೋಗಿಗೆ ಮದ್ದು ಕೊಡಿ, ಅನ್ನ ಕೊಡಿ ಅಂತ ಒಂದು ಸಾಲೂ ಬರೆಯಲಿಲ್ಲ. 2020ರಲ್ಲಿ ಸ್ವತಂತ್ರ ಭಾರತ ಕೈಗೆತ್ತಿಕೊಂಡದ್ದೂ ಅದೇ ಕಾಯ್ದೆಯನ್ನು!

ಚೀನಾ ನೋಡಿ. 2019ರ ಡಿಸೆಂಬರ್ ಕೊನೆಗೆ ವುಹಾನಿನ ಡಾಕ್ಟರ್ ಲಿ ವೆನ್‌ಲಿಯಾಂಗ್, ಸಾರ್ಸ್‌ನಂಥ ರೋಗ ಬಂದಿದೆ ಅಂತ ಜೊತೆಯ ಡಾಕ್ಟರುಗಳಿಗೆ ತಿಳಿಸಿದರು. ಪೊಲೀಸರು ಕರೆಸಿ, ಸುಳ್ಳು ಹಬ್ಬಿಸಿದೆ ಅಂತ ರುಜು ಹಾಕಿಸಿಕೊಂಡರು. ಜನವರಿ 23ಕ್ಕೆ ಇಡೀ ಊರಿಗೆ ಬೀಗ. ಫೆಬ್ರವರಿ 7ಕ್ಕೆ ಅದೇ ರೋಗಕ್ಕೆ ಆ ಡಾಕ್ಟರು ಬಲಿ. ಊರಿಗಿಂತ ಮೊದಲು ಬಾಯಿಗೆ ಬೀಗ ಬಿದ್ದಿತ್ತು.

ಹಾಗಾದರೆ ಓಟಿನ ಸರ್ಕಾರ ಸಾಚಾನಾ? 2020ರ ಮಾರ್ಚ್ 24ರ ರಾತ್ರಿ, ಬರೀ ನಾಲ್ಕು ಗಂಟೆ ಮುಂಚೆ ಹೇಳಿ ದೇಶದ ಬಾಗಿಲು ಹಾಕಿದರು. ಕೂಲಿಯವರು ಮಕ್ಕಳನ್ನು ಹೊತ್ತು ನೂರಾರು ಮೈಲಿ ನಡೆದರು. ಎಷ್ಟು ಜನ ಸತ್ತರು ಅಂತ ಸೆಪ್ಟೆಂಬರಿನಲ್ಲಿ ಪಾರ್ಲಿಮೆಂಟಿನಲ್ಲಿ ಕೇಳಿದರೆ ಲೆಕ್ಕವೇ ಇಲ್ಲ ಅಂದರು. ಕರ್ನಾಟಕದ ಸರ್ಕಾರ ಮೇ 5ರಂದು ಬಿಲ್ಡರುಗಳ ಜೊತೆ ಮೀಟಿಂಗು ಮುಗಿಸಿ, ಊರಿಗೆ ಹೊರಟ ಕೂಲಿಯವರ ರೈಲುಗಳನ್ನೇ ರದ್ದು ಮಾಡಿಸಿತು. ಕೂಲಿಯವನು ಹಸಿದರೂ ಸರಿ, ಮಾಲೀಕನ ಕಟ್ಟಡ ನಿಲ್ಲಬಾರದು!

ಆದರೆ ವ್ಯತ್ಯಾಸ ಇಲ್ಲಿದೆ. ಜನ ಕೂಗಿದರು, ಪೇಪರುಗಳು ಬರೆದವು, ಕೆಲವೇ ದಿನದಲ್ಲಿ ಸರ್ಕಾರ ರೈಲು ಬಿಡಲು ಒಪ್ಪಲೇಬೇಕಾಯಿತು. ಓಟು ತಾನಾಗಿ ಯಾರನ್ನೂ ಊರು ಮುಟ್ಟಿಸಲಿಲ್ಲ, ಕೂಗು ಮುಟ್ಟಿಸಿತು. ಗಟ್ಟಿ ದೊರೆ ಬೇಕು ಅನ್ನುವವರು ಕಸಿಯಲು ಹೊರಟಿರುವುದು ಆ ಕೂಗನ್ನೇ.

ಹಾಸ್ಟೆಲಿನ ಗೆಳೆಯರೇ, ಮುಂದಿನ ರೋಗ ಬರಲಿ ಅಂತ ಕಾಯಬೇಡಿ. ಹಾಸ್ಟೆಲಿಗೆ ಡಾಕ್ಟರು ಕೊನೆಗೆ ಬಂದದ್ದು ಯಾವಾಗ? ನೀರಿನ ಟ್ಯಾಂಕು ತೊಳೆದದ್ದು ಯಾವಾಗ? ಪೌರಕಾರ್ಮಿಕರಿಗೆ ಗ್ಲೌಸು ಕೊಟ್ಟಿದ್ದಾರಾ? ಇವತ್ತೇ ಕೇಳಿ, ಬರೆದು ಕೇಳಿ, ಒಟ್ಟಾಗಿ ಕೇಳಿ. ಕೇಳುವವರಿಲ್ಲದ ಕೇರಿಗೆ ಸರ್ಕಾರ ಬರುವುದು ಲಾಠಿ ಹಿಡಿದು, ಮದ್ದು ಹಿಡಿದಲ್ಲ.