ಕಳ್ಳಿಗಿಡಗಳ ವಿದುಷಿ

ಮಗಳು ವೈದ್ಯಳೋ ಉಪಾಧ್ಯಾಯಿನಿಯೋ ಆಗುವೆನೆಂದರೆ ತಾಯಿತಂದೆಗಳು ಸಂತೋಷಪಡುವರು. ಗಿಡಗಳ ಶಾಸ್ತ್ರವನ್ನು ಕಲಿಯುವೆನೆಂದರೆ ಮಾತ್ರ, "ಅದರಿಂದೇನು ಪ್ರಯೋಜನ?" ಎಂಬ ಪ್ರಶ್ನೆಯು ಒಡನೆ ಹುಟ್ಟುವದು. ಈ ಪ್ರಶ್ನೆಯು ಅನುಚಿತವಲ್ಲ. ಮಗಳ ಜೀವನೋಪಾಯವನ್ನು ಚಿಂತಿಸುವದು ಹೆತ್ತವರ ಕರ್ತವ್ಯವೇ. ಆದರೆ ಉತ್ತರವನ್ನು ಕೇಳುವದಕ್ಕೆ ಮುಂಚೆಯೇ ಬಾಗಿಲು ಮುಚ್ಚುವದು ನ್ಯಾಯವಲ್ಲವೆಂಬದು ನಮ್ಮ ಅಭಿಪ್ರಾಯ. ಮೆಕ್ಸಿಕೋ ದೇಶದ ಎಲಿಯಾ ಬ್ರಾವೋ ಹೋಲಿಸ್ ಎಂಬವರ ಜೀವಿತವು ಆ ಪ್ರಶ್ನೆಗೆ ತಕ್ಕ ಉತ್ತರವಾಗಿದೆ.

ಇವರು 1901ರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯವರು ಆ ದೇಶದ ಕ್ರಾಂತಿಯ ಗಲಭೆಯಲ್ಲಿ ಗುಂಡಿಗೆ ಬಲಿಯಾದರು. ಆದರೂ ವಿದ್ಯಾಭ್ಯಾಸವು ನಿಲ್ಲಲಿಲ್ಲ. 1927ರಲ್ಲಿ ಜೀವಶಾಸ್ತ್ರದ ಪದವಿಯನ್ನು ಪಡೆದು, ಆ ಗೌರವವನ್ನು ಹೊಂದಿದ ತಮ್ಮ ದೇಶದ ಪ್ರಥಮ ಸ್ತ್ರೀಯಾದರು. 1929ರಲ್ಲಿ ಗುರುಗಳಾದ ಈಸಾಕ್ ಓಚೋತೆರೇನಾ ಅವರ ಪ್ರೇರಣೆಯಿಂದ ಕಳ್ಳಿಗಳ ಅಭ್ಯಾಸಕ್ಕೆ ತೊಡಗಿದರು. 1937ರಲ್ಲಿ ಮೆಕ್ಸಿಕೋದ ಕಳ್ಳಿಗಳನ್ನು ಕುರಿತ ಇವರ ಮಹಾಗ್ರಂಥವು ಹೊರಬಿತ್ತು. ಅಷ್ಟಕ್ಕೆ ತೃಪ್ತರಾಗದೆ, ಎರ್ನಾಂದೋ ಸಾಂಚೆಸ್-ಮೆಹೊರಾದಾ ಅವರೊಡನೆ ಅದನ್ನು ಹೊಸದಾಗಿ ತಿದ್ದಿ, 1978ರಿಂದ 1991ರ ವರೆಗೆ ಮೂರು ಸಂಪುಟಗಳಾಗಿ ಪ್ರಕಟಿಸಿದರು. 2001ರಲ್ಲಿ, ನೂರು ವರುಷ ತುಂಬುವದಕ್ಕೆ ನಾಲ್ಕೇ ದಿನಗಳಿರುವಾಗ, ತೀರಿಕೊಂಡರು.

ಮುಳ್ಳುಗಿಡಕ್ಕೆ ಹೆಸರಿಡುವದರಲ್ಲಿ ಏನು ಹೆಚ್ಚಳವೆಂದು ಕೆಲವರು ಕೇಳಬಹುದು. ನಮ್ಮ ಬೇಲಿಗಳನ್ನೇ ನೋಡಿರಿ. ಗೀರಿದರೆ ಹಾಲು ಸುರಿಸುವ ನಮ್ಮ ಕಳ್ಳಿಯೂ, ಅಮೇರಿಕ ಖಂಡದಿಂದ ಬಂದ ಪಾಪಾಸುಕಳ್ಳಿಯೂ ಹೆಸರಿನಲ್ಲಿ ನಂಟರು, ಕುಲದಲ್ಲಿ ಬೇರೆ ಬೇರೆ. ಎರಡನೆಯದರ ಮುಳ್ಳುಗಳು ಎಲೆಗಳ ರೂಪಾಂತರವಾಗಿದ್ದು, ಪುಟ್ಟ ಮೆತ್ತೆಗಳಂಥ ಸ್ಥಾನಗಳಿಂದ ಹೊರಡುವವು. ನೀರನ್ನು ಉಳಿಸುವದಕ್ಕಾಗಿ ಅದು ಹಗಲು ತನ್ನ ರಂಧ್ರಗಳನ್ನು ಮುಚ್ಚಿ, ರಾತ್ರಿಯಲ್ಲಿ ತೆರೆಯುವದು. ಇಂಥ ಭೇದವನ್ನರಿಯುವದಕ್ಕೆ ಶಿಕ್ಷಿತವಾದ ಕಣ್ಣು ಬೇಕು.

ಪ್ರಯೋಜನವೂ ಇಲ್ಲದಿಲ್ಲ. 2015ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, 1,478 ಜಾತಿಯ ಕಳ್ಳಿಗಳಲ್ಲಿ ನೂರಕ್ಕೆ 31 ಪಾಲು ನಾಶದ ಭಯದಲ್ಲಿವೆ. ಚಂದಕ್ಕಾಗಿ ಕಾಡಿನಿಂದ ಕಿತ್ತು ಮಾರುವವರು ಇದಕ್ಕೊಂದು ಮುಖ್ಯ ಕಾರಣ. ಇಂಥ ವ್ಯಾಪಾರವನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದವು 1975ರಿಂದ ಜಾರಿಯಲ್ಲಿದೆ. ಕಳ್ಳಿಗಳ ಕುಟುಂಬವು ಬಹುಮಟ್ಟಿಗೆ ಅದರ ಪಟ್ಟಿಗೆ ಸೇರಿದೆ. ಆದರೆ ಯಾವ ಗಿಡ ಯಾವದೆಂದು ಹೇಳಬಲ್ಲವರಿಲ್ಲದಿದ್ದರೆ ಕಾನೂನು ಏನನ್ನು ಕಾಪಾಡೀತು? ಅಂಥವರ ದುಡಿಮೆಯೇ ಕಾನೂನಿಗೆ ಕಣ್ಣು.

ಈ ಮಾರ್ಗದಲ್ಲಿ ಧನವು ಬೇಗನೆ ದೊರೆಯದು, ಕೀರ್ತಿಯು ಇನ್ನೂ ತಡ. ಇದನ್ನು ಮಗಳಿಗೆ ಮರೆಮಾಚಬೇಕಾಗಿಲ್ಲ. ಎಲ್ಲರಿಗೂ ಈ ಕೆಲಸವು ಒಗ್ಗುವದೂ ಇಲ್ಲ. ಆದರೆ ಯಾವ ಹುಡುಗಿಯು ಬೇಲಿಯ ಮುಂದೆ ನಿಂತು ಮುಳ್ಳುಗಳನ್ನು ಎಣಿಸುವಳೋ, ಅವಳನ್ನು ಗದರಿಸಿ ಒಳಗೆ ಕರೆಯದಿರಿ. ಒಂದು ಭೂತಕನ್ನಡಿಯನ್ನೂ ಒಂದು ಟಿಪ್ಪಣಿಯ ಪುಸ್ತಕವನ್ನೂ ಕೊಡಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ನೀವು ಈಗ ತಾಯಂದಿರಾಗಿದ್ದೀರಿ. ಈ ಅಲ್ಪ ವೆಚ್ಚವು ನಿಮ್ಮ ಕೈಯಲ್ಲಿಯೇ ಇದೆ.